ಕಡಿಮೆ ದುಡ್ಡಿನ ಜಪಾನಿ ಕತ್ತಿ: ಹಿಡಿಯ ಒಳಗೇನಿದೆ ನೋಡಿ ಕೊಳ್ಳಿ

ಗೋಡೆಗೆ ಒಂದು, ಕೈಗೆ ಒಂದು. ಕಡಿಮೆ ದುಡ್ಡಿನಲ್ಲಿ ಜಪಾನಿ ಕತ್ತಿ ಕೊಳ್ಳಬೇಕು ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಅಂದಕ್ಕೂ ಅಭ್ಯಾಸಕ್ಕೂ ಒಂದೇ ಕತ್ತಿ ಸಾಕು ಎಂದು ಹೊರಟರೆ ಅಗ್ಗದ ಬೆಲೆಯಲ್ಲಿ ಎರಡೂ ಸರಿಯಾಗಿ ಸಿಗುವುದಿಲ್ಲ. ಗೋಡೆಯ ಕತ್ತಿ ನೋಡಲು ಚೆನ್ನಾಗಿದ್ದರೆ ಸಾಕು. ಬೀಸುವ ಕತ್ತಿ ಹಾಗಲ್ಲ. ಅದು ಹಿಡಿ ಬಿಟ್ಟು ಹಾರಬಾರದು, ನಡುವೆ ಮುರಿಯಬಾರದು, ಹೊಸಬರ ಹೆಗಲು ಕೆಡಿಸಬಾರದು.

ಇಷ್ಟು ಬರೆಯಲು ಕಾರಣ ನನ್ನ ಅಕ್ಕನ ಮಗ. ಶಿರಸಿ ಹತ್ತಿರದ ಊರು, ಈಗ ಕಾಲೇಜು. ಕರಾಟೆ ಕಲಿತಿದ್ದಾನೆ. ಅನಿಮೆ ಎಂಬ ಜಪಾನಿ ಕಾರ್ಟೂನು ನೋಡಿ ನೋಡಿ ಕಟಾನಾ, ಅಂದರೆ ಜಪಾನಿನ ಉದ್ದ ಕತ್ತಿಯ, ಹುಚ್ಚು ಹತ್ತಿದೆ. ಒಂದು ಸಂಜೆ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳಿಸಿ "ಮಾವಾ, ಇದು ಅಡ್ಡಿಲ್ಯ?" ಎಂದು ಕೇಳಿದ. ಕಪ್ಪು ಒರೆ, ಕೆಂಪು ದಾರದ ಹಿಡಿ, ಫಳಫಳ ಹೊಳೆಯುವ ಸ್ಟೇನ್‌ಲೆಸ್ ಬ್ಲೇಡು. ಕೆಳಗೆ "ಅಭ್ಯಾಸಕ್ಕೂ ಅಲಂಕಾರಕ್ಕೂ" ಎಂದು ಬರೆದಿತ್ತು. "ತಮಾ, ನಾನು ಹೇಳುವವರೆಗೆ ದುಡ್ಡು ಕಟ್ಟಬೇಡ" ಎಂದೆ.

ನಾನು ಕಾರವಾರದ ಬೈತಖೋಲ ಕಡೆ ಸಣ್ಣ ಲೇತ್ ವರ್ಕ್‌ಶಾಪ್ ನಡೆಸುತ್ತೇನೆ. ಬೋಟಿನ ಶಾಫ್ಟು, ಬುಷ್ಷು, ಪಂಪಿನ ಸಾಮಾನು, ಇದೇ ದಿನದ ಕೆಲಸ. ಬೆಂಗಳೂರಿನಲ್ಲಿ ದುಡಿಯುತ್ತಿದ್ದಾಗ ಇಯಾಯ್ದೊ ಕಲಿಯಲು ಶುರು ಮಾಡಿದೆ. ಒರೆಯಿಂದ ಕತ್ತಿ ಎಳೆದು, ಬೀಸಿ, ಮತ್ತೆ ಒರೆಗೆ ಸೇರಿಸುವ ಜಪಾನಿ ವಿದ್ಯೆ ಅದು. ಇಲ್ಲಿಗೆ ಬಂದ ಮೇಲೂ ಬಿಟ್ಟಿಲ್ಲ. ಹಾಗಾಗಿ ಕತ್ತಿಯನ್ನು ನಾನು ಎರಡು ಕಡೆಯಿಂದ ನೋಡುತ್ತೇನೆ: ಬೀಸುವವನಾಗಿ ಮತ್ತು ಕಬ್ಬಿಣದ ಕೆಲಸದವನಾಗಿ.

ಕಬ್ಬಿಣದ ಕೆಲಸದವನು ಮೊದಲು ನೋಡುವುದು ಕಾಣದ ಭಾಗವನ್ನು. ಜಪಾನಿ ಕತ್ತಿಯ ಬ್ಲೇಡು ಹಿಡಿಯ ಹತ್ತಿರ ಮುಗಿಯುವುದಿಲ್ಲ. ಅದೇ ಉಕ್ಕಿನ ತುಂಡು ಹಿಡಿಯೊಳಗೆ ಮುಂದುವರಿದು, ಮೆಲ್ಲಗೆ ಸಣ್ಣದಾಗುತ್ತಾ ಹೋಗುತ್ತದೆ. ಈ ಬಾಲಕ್ಕೆ ನಕಾಗೊ ಎನ್ನುತ್ತಾರೆ. ಅದರಲ್ಲಿ ಒಂದು ತೂತು. ಮರದ ಹಿಡಿಯ ಮೂಲಕ ಆ ತೂತಿನಲ್ಲಿ ಬಿದಿರಿನ ಒಂದು ಬೆಣೆ ಹೋಗುತ್ತದೆ. ಬೆಣೆಯ ಹೆಸರು ಮೆಕುಗಿ. ನೋಡಲು ಪೆನ್ಸಿಲ್ ತುಂಡಿನಷ್ಟಿದೆ. ಕತ್ತಿ ಹಿಡಿಯಿಂದ ಕಳಚದಂತೆ ಹಿಡಿದಿರುವುದು ಅದೇ. ಈಗಿನ ಕೆಲವು ಕತ್ತಿಗಳಲ್ಲಿ ಎರಡು ಬೆಣೆ ಇರುತ್ತವೆ.

ಗೋಡೆಗೆಂದೇ ಮಾಡಿದ ಅಗ್ಗದ ಕತ್ತಿಯಲ್ಲಿ ಈ ಬಾಲವೇ ಇರುವುದಿಲ್ಲ. ಬ್ಲೇಡನ್ನು ಹಿಡಿಯ ಬಾಯಲ್ಲೇ ಕತ್ತರಿಸಿ, ಅದಕ್ಕೊಂದು ತೆಳ್ಳನೆಯ ಸರಳು ವೆಲ್ಡ್ ಮಾಡಿ, ಹಿಂದಿನಿಂದ ನಟ್ ಬಿಗಿದಿರುತ್ತಾರೆ. ಅಂಕೋಲೆಯ ಗೆಳೆಯರೊಬ್ಬರು ಅಂಥದ್ದೊಂದನ್ನು ನನ್ನ ಹತ್ತಿರ ತಂದಿದ್ದರು. ಆನ್‌ಲೈನಿನಲ್ಲಿ ತರಿಸಿದ್ದು. ಹಿತ್ತಿಲಲ್ಲಿ ಬೀಸುತ್ತಿದ್ದಾಗ ಬ್ಲೇಡು ಹಿಡಿಯಿಂದ ಕಳಚಿ ಹಾರಿ ತೆಂಗಿನ ಕಟ್ಟೆಗೆ ಬಡಿದಿತ್ತು. ಆ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ, ಪುಣ್ಯ. ಹಿಡಿ ಬಿಚ್ಚಿ ನೋಡಿದರೆ ಕಿರುಬೆರಳಿಗಿಂತ ಸಪೂರ ಸರಳು, ವೆಲ್ಡಿನ ಅಂಚಿನಲ್ಲೇ ತುಂಡಾಗಿತ್ತು. ತುಂಡಾದ ಮುಖದಲ್ಲಿ ಒಂದು ಪಾಲು ಕಪ್ಪಾಗಿತ್ತು, ಉಳಿದದ್ದು ಹೊಸದಾಗಿ ಹೊಳೆಯುತ್ತಿತ್ತು. ಅಂದರೆ ಬಿರುಕು ಹಳೆಯದು. ದಿನವೂ ಚೂರು ಚೂರು ಬೆಳೆದಿದೆ, ಕೊನೆಗೆ ಒಂದು ಬೀಸಿಗೆ ಹೋಗಿದೆ. ಬೋಟಿನ ಶಾಫ್ಟು ಮುರಿಯುವುದೂ ಹೀಗೇ. ಎಲ್ಲಿ ದಪ್ಪದಿಂದ ಸಣ್ಣಕ್ಕೆ ಏಕಾಏಕಿ ಇಳಿಯುತ್ತದೋ, ಎಲ್ಲಿ ಮೂಲೆ ಚೂಪಾಗಿದೆಯೋ, ಬಲವೆಲ್ಲ ಅಲ್ಲಿ ಸೇರಿ ಅಲ್ಲಿಂದಲೇ ಬಿರುಕು ಹುಟ್ಟುತ್ತದೆ. ಗೆಳೆಯರು "ಮತ್ತೆ ವೆಲ್ಡ್ ಮಾಡಿಕೊಡಿ" ಎಂದರು. ನಾನು ಮಾಡಿಕೊಡಲಿಲ್ಲ. ಬೀಸುವ ಕತ್ತಿಗೆ ವೆಲ್ಡಿಂಗ್ ರಿಪೇರಿ ಎಂಬುದೇ ಇಲ್ಲ.

ಆದ್ದರಿಂದ ಕೊಳ್ಳುವ ಮೊದಲು ಮಾರುವವರಿಗೆ ಒಂದೇ ಪ್ರಶ್ನೆ ಕೇಳಿ: ಹಿಡಿ ಬಿಚ್ಚಿ ಬಾಲದ ಫೋಟೋ ಕಳಿಸುತ್ತೀರಾ? ಮೆಕುಗಿ ಇರುವ ಕತ್ತಿಯಾದರೆ ಸಣ್ಣ ಸುತ್ತಿಗೆಯಿಂದ ಬೆಣೆ ತಟ್ಟಿ ತೆಗೆದು ಹಿಡಿ ಎಳೆಯಬಹುದು. ಸರಿಯಾದ ಮಾಲು ಇರುವವರು ಖುಷಿಯಿಂದ ಕಳಿಸುತ್ತಾರೆ. ಉತ್ತರ ಹಾರಿಸಿದರೆ ಅದು ಗೋಡೆಗೆ ಮಾತ್ರ ಎಂದು ತಿಳಿಯಿರಿ. ಹಿಡಿಯ ತುದಿಯಲ್ಲಿ ನಟ್ಟು ಕಂಡರೂ ಅಷ್ಟೇ.

ಇನ್ನು ಸ್ಟೇನ್‌ಲೆಸ್. ನಮ್ಮ ಅಡುಗೆಮನೆ ಚಾಕುವಿಗೆ ಅದು ಒಳ್ಳೆಯದು, ನನಗೇನೂ ತಕರಾರಿಲ್ಲ. ಆದರೆ ಎಪ್ಪತ್ತು ಸೆಂಟಿಮೀಟರ್ ಉದ್ದದ ಬ್ಲೇಡಿಗೆ 420, 440 ಎಂಬ ಸ್ಟೇನ್‌ಲೆಸ್ ಹೊಂದುವುದಿಲ್ಲ. ಚಾಕು ಗಿಡ್ಡ, ಅದರ ಮೇಲೆ ಪೆಟ್ಟು ಕಡಿಮೆ. ಉದ್ದ ಕತ್ತಿ ಏನಕ್ಕಾದರೂ ತಾಗಿದಾಗ ಪೆಟ್ಟಿನ ಅದುರು ಪೂರ್ತಿ ಬ್ಲೇಡಿನಲ್ಲಿ ಓಡುತ್ತದೆ. ಅಗ್ಗದ ಸ್ಟೇನ್‌ಲೆಸ್ ಅದನ್ನು ತಡೆದುಕೊಳ್ಳದೆ ಚಟ್ ಎಂದು ಮುರಿಯುತ್ತದೆ. ಬೀಸಲು ಬೇಕಾದದ್ದು ಕಾರ್ಬನ್ ಉಕ್ಕು. 1045, 1060, 1095 ಎಂಬ ನಂಬರು ಕಾಣುತ್ತವಲ್ಲ, ಕೊನೆಯ ಎರಡು ಅಂಕಿ ಕಾರ್ಬನ್ ಪ್ರಮಾಣ. 1060 ಎಂದರೆ ಸುಮಾರು 0.60 ಶೇಕಡಾ. ಕಾರ್ಬನ್ ಜಾಸ್ತಿಯಾದಷ್ಟೂ ಗಡಸು ಜಾಸ್ತಿ, ಜೊತೆಗೆ ಮುರಿಯುವ ಗುಣವೂ ಜಾಸ್ತಿ. ಹೊಸಬರಿಗೆ 1060 ನಡುದಾರಿ. 5160 ಎಂಬ ಸ್ಪ್ರಿಂಗ್ ಉಕ್ಕೂ ಒಳ್ಳೆಯದೇ. ಅದು ವಾಹನಗಳ ಕಮಾನು ಪಟ್ಟಿಗೆ ಬಳಸುವ ಜಾತಿ, ಬಾಗಿದರೂ ಮರಳಿ ನೇರವಾಗುತ್ತದೆ.

"ಸಾವಿರ ಪದರದ ಮಡಚಿದ ಉಕ್ಕು" ಎಂಬ ಜಾಹೀರಾತಿಗೆ ಹೆಚ್ಚು ದುಡ್ಡು ಕೊಡಬೇಡಿ. ಜಪಾನಿನ ಕಮ್ಮಾರರು ಉಕ್ಕನ್ನು ಮಡಚುತ್ತಿದ್ದುದು, ಈಗಲೂ ಮಡಚುವುದು, ಅವರ ತಮಾಹಗಾನೆ ಉಕ್ಕಿನ ಸ್ವಭಾವದಿಂದ. ಕಪ್ಪು ಮರಳಿನಲ್ಲಿ ಸಿಗುವ ಕಬ್ಬಿಣದ ಅದಿರನ್ನು ಇದ್ದಿಲಿನಲ್ಲಿ ಕರಗಿಸಿ ಮಾಡುವ ಉಕ್ಕು ಅದು. ಅದರಲ್ಲಿ ಕಿಟ್ಟ ಇರುತ್ತದೆ, ಕಾರ್ಬನ್ ಒಂದೇ ಸಮ ಇರುವುದಿಲ್ಲ. ಮಡಚಿ ಬಡಿದರೆ ಕಿಟ್ಟ ಹೊರಬಂದು ಉಕ್ಕು ಹದವಾಗುತ್ತದೆ. ಅದಕ್ಕೆ ಸಾವಿರ ಸಲ ಮಡಚಬೇಕಾಗಿಲ್ಲ. ಪ್ರತಿ ಮಡಿಕೆಗೂ ಪದರ ದುಪ್ಪಟ್ಟಾಗುವುದರಿಂದ ಹದಿಮೂರು ಸಲ ಮಡಚಿದರೇ 8,192 ಪದರ ಆಯಿತು. ಇಂದಿನ ಕಾರ್ಖಾನೆ ಉಕ್ಕು ಮೊದಲೇ ಒಂದೇ ಸಮ ಇರುತ್ತದೆ. ಅದನ್ನು ಮಡಚುವುದು ಮೇಲಿನ ಗೆರೆಗಳ ಚಂದಕ್ಕೆ ಮಾತ್ರ. ಮಡಚುವಾಗ ಸರಿಯಾಗಿ ಬೆಸೆಯದಿದ್ದರೆ ಒಳಗೆ ಬಿರುಕು ಉಳಿಯುವ ಅಪಾಯ ಬೇರೆ.

ಧಾರದ, ಅಂದರೆ ಬ್ಲೇಡಿನ ಹರಿತ ಅಂಚಿನ, ಉದ್ದಕ್ಕೂ ಬೆಳ್ಳಗೆ ಅಲೆಯಂತೆ ಓಡುವ ಹಾಮೊನ್ ಗೆರೆ ನನಗೆ ತುಂಬ ಇಷ್ಟ. ಅದು ಹುಟ್ಟುವ ರೀತಿಯೇ ಸೊಗಸು. ಬ್ಲೇಡಿಗೆ ಮಣ್ಣು ಮೆತ್ತುತ್ತಾರೆ, ಬೆನ್ನಿಗೆ ದಪ್ಪ, ಧಾರಕ್ಕೆ ತೆಳು. ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ಧಾರ ಬೇಗ ತಣಿದು ಗಡಸಾಗುತ್ತದೆ, ಬೆನ್ನು ನಿಧಾನಕ್ಕೆ ತಣಿದು ಮೆತ್ತಗೆ ಉಳಿಯುತ್ತದೆ. ಎರಡರ ಗಡಿಯೇ ಆ ಗೆರೆ. ಕತ್ತಿಯ ಬಾಗು ಹೆಚ್ಚುವುದೂ ಆ ಅದ್ದುವ ಗಳಿಗೆಯಲ್ಲೇ. ಅಗ್ಗದ ಕತ್ತಿಯಲ್ಲಿ ಇದನ್ನು ಆ್ಯಸಿಡ್‌ನಿಂದಲೋ ತಂತಿ ಬ್ರಶ್‌ನಿಂದಲೋ ಬರೆದಿರುತ್ತಾರೆ. ಒಂದೇ ಅಳತೆಯ ಅಲೆ ಬುಡದಿಂದ ತುದಿಯವರೆಗೆ ಯಂತ್ರದಲ್ಲಿ ಒತ್ತಿದಂತೆ ಓಡಿದ್ದರೆ ಅದು ಬರೆದದ್ದು. ಗೋಡೆಗಾದರೆ ಬರೆದದ್ದೂ ಆಗಬಹುದು, ಹೆಚ್ಚು ಬೆಲೆ ಮಾತ್ರ ಕೊಡಬೇಡಿ. ಹೊಸಬರ ಅಭ್ಯಾಸಕ್ಕೆ ಹಾಮೊನ್ ಬೇಕಾಗಿಯೇ ಇಲ್ಲ.

ಹಾಗಾದರೆ ಅಭ್ಯಾಸಕ್ಕೆ ಏನು ಕೊಳ್ಳಬೇಕು? ಮೊದಲು ಮರದ್ದು. ಬೊಕ್ಕೆನ್. ಇದರಲ್ಲಿ ನನ್ನ ಮಾತು ಬದಲಾಗುವುದಿಲ್ಲ. ಸಾಮಾನ್ಯವಾಗಿ 101 ಸೆಂಟಿಮೀಟರ್ ಆಸುಪಾಸಿನ ಉದ್ದ, ಅರ್ಧ ಕಿಲೋಗಿಂತ ತುಸು ಜಾಸ್ತಿ ತೂಕ. ಜಪಾನಿನಲ್ಲಿ ಮಿಯಾಝಾಕಿ ಪ್ರಾಂತದ ಮಿಯಾಕೊನೊಜೊ ಊರು ಇದಕ್ಕೆ ಹೆಸರುವಾಸಿ. ಅಲ್ಲಿ ಓಕ್ ಮರದಲ್ಲಿ ಮಾಡುತ್ತಾರೆ. ನಮ್ಮಲ್ಲಿ ಸಾವಿರ ರೂಪಾಯಿ ಆಸುಪಾಸಿನಲ್ಲಿ ಬಳಸಬಹುದಾದ ಬೊಕ್ಕೆನ್ ಸಿಗುತ್ತದೆ. ಕೈಗೆ ತೆಗೆದುಕೊಂಡಾಗ ಮರದ ಎಳೆ ನೋಡಿ. ಎಳೆ ಬುಡದಿಂದ ತುದಿಗೆ ನೇರ ಓಡಿರಬೇಕು. ನಡುವೆ ಅಡ್ಡ ಹಾಯ್ದಿದ್ದರೆ ಅಲ್ಲೇ ಸೀಳುತ್ತದೆ. ಗಂಟು ಇರಲೇಬಾರದು. ಊರಿನ ಬಡಗಿಯಿಂದ ಮಾಡಿಸಿಕೊಂಡರೂ ಒಬ್ಬರೇ ಬೀಸುವ ಅಭ್ಯಾಸಕ್ಕೆ ಅಡ್ಡಿಯಿಲ್ಲ, ಇದೇ ನಿಯಮ. ಅಡಿಕೆ ದಬ್ಬೆಯಲ್ಲಿ ಮಾತ್ರ ಬೇಡ, ಸಿಬಿರು ಎದ್ದು ಕೈ ತುಂಬ ಚುಚ್ಚುತ್ತದೆ. ಮಳೆಗಾಲದಲ್ಲಿ ಹೊರಗೇ ಅಭ್ಯಾಸ ಮಾಡುವವರಿಗೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಬೊಕ್ಕೆನ್ ಇದೆ. ನೀರಿಗೆ ಉಬ್ಬುವುದಿಲ್ಲ, ಬೂಷ್ಟು ಹಿಡಿದರೂ ತೊಳೆದರೆ ಹೋಯಿತು. ನಮ್ಮ ಕರಾವಳಿಗೆ ಅದು ಚೆನ್ನಾಗಿ ಹೊಂದುತ್ತದೆ.

ಮರದ ಕತ್ತಿಯಲ್ಲಿ ಏನು ಕಲಿಯಲು ಸಾಧ್ಯ ಎಂದು ಅಳಿಯ ಮುಖ ಸಣ್ಣ ಮಾಡಿದ. ಮುಖ್ಯವಾದದ್ದೆಲ್ಲ ಅದರಲ್ಲೇ ಇದೆ. ತಲೆಯ ಮೇಲಿಂದ ಇಳಿಸಿದ ಕತ್ತಿ ಹೊಟ್ಟೆಯ ಮಟ್ಟದಲ್ಲಿ ನಿಲ್ಲಬೇಕು, ನೆಲಕ್ಕೆ ಹೋಗಬಾರದು. ನಿಲ್ಲಿಸುವುದು ಎಡಗೈಯ ಕಿರುಬೆರಳು ಮತ್ತು ಉಂಗುರ ಬೆರಳು. ಹೊಸಬರು ಬಲಗೈಯಿಂದ ಅದುಮುತ್ತಾರೆ, ಆಗ ದಾರಿ ಸೊಟ್ಟಗಾಗುತ್ತದೆ, ಹೆಗಲು ನೋಯುತ್ತದೆ. ಅರ್ಧ ಕಿಲೋದಲ್ಲಿ ನಿಲ್ಲಿಸಲು ಬಾರದವರು ಒಂದು ಕಿಲೋಗಿಂತ ಭಾರದ ಉಕ್ಕಿನ ಕತ್ತಿ ಹಿಡಿದರೆ ಅದು ಅವರ ಮೊಣಕಾಲಿಗೇ ಬರುತ್ತದೆ.

ಜಾಗವನ್ನೂ ನೋಡಿಕೊಳ್ಳಿ. ಹಳೆಯ ಮನೆಯ ಜಗಲಿಯಲ್ಲಿ ಕತ್ತಿ ಎತ್ತಿದರೆ ತೊಲೆಗೆ ತಾಗುತ್ತದೆ. ಅಂಗಳ ಒಳ್ಳೆಯದು, ಆದರೆ ಮಳೆಯಲ್ಲಿ ಹಾವಸೆ ಕಟ್ಟಿ ಜಾರುತ್ತದೆ, ಕೊಯ್ಲು ಬಂತೆಂದರೆ ಅಡಿಕೆ ಹರಡುತ್ತಾರೆ. ಕಾರವಾರದಲ್ಲಿ ಟಾಗೋರ್ ಬೀಚ್ ಇದೆಯಲ್ಲ ಎಂದು ಕೆಲವರು ಕೇಳಿದ್ದಾರೆ. ಬೇಡ. ಮಕ್ಕಳು ಓಡಾಡುವ ಜಾಗದಲ್ಲಿ ಮರದ ಕತ್ತಿಯೂ ಆಯುಧವೇ.

ಬೊಕ್ಕೆನ್ ಕೈಗೆ ಹತ್ತಿದ ಮೇಲೆ ಇಯಾಯ್ತೊ. ನೋಡಲು ಪೂರ್ತಿ ಕಟಾನಾ, ಆದರೆ ಬ್ಲೇಡು ಸತು ಮತ್ತು ಅಲ್ಯೂಮಿನಿಯಂ ಬೆರೆಸಿ ಎರಕ ಹೊಯ್ದದ್ದು, ಮೇಲೆ ಹೊಳಪಿನ ಲೇಪ. ಧಾರ ಇಲ್ಲ, ಹಿಡಿಸಲೂ ಆಗುವುದಿಲ್ಲ. ಜಪಾನಿನಲ್ಲಿ ಬಂದೂಕು ಮತ್ತು ಕತ್ತಿಗಳ ಮೇಲಿನ 1958ರ ಕಾನೂನು ಬಿಗಿಯಾಗಿದೆ. ಉಕ್ಕಿನ ಕತ್ತಿ ನೋಂದಣಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಪರವಾನಗಿ ಇರುವ ಕಮ್ಮಾರರೂ ತಿಂಗಳಿಗೆ ಎರಡು ಉದ್ದ ಕತ್ತಿಗಿಂತ ಹೆಚ್ಚು ಮಾಡುವಂತಿಲ್ಲ. ಹಾಗಾಗಿ ಅಲ್ಲಿನ ಕಲಿಯುವವರು ಬಳಸುವುದೂ ಇಂಥ ಮಿಶ್ರಲೋಹದ ಕತ್ತಿಯನ್ನೇ. ಗಿಫು ಪ್ರಾಂತದ ಸೆಕಿ ಊರಿನಲ್ಲಿ ಇವು ತಯಾರಾಗುತ್ತವೆ. ಬೆಲೆ ಹತ್ತಾರು ಸಾವಿರ ರೂಪಾಯಿ, ಸುಳ್ಳು ಹೇಳುವುದಿಲ್ಲ. ಚೀನಾದ ಝೆಜಿಯಾಂಗ್ ಪ್ರಾಂತದ ಲಾಂಗ್‌ಚುವಾನ್ ಊರಿನಿಂದ ಧಾರವಿಲ್ಲದ ಉಕ್ಕಿನ ಕತ್ತಿಗಳು ಇದಕ್ಕಿಂತ ತುಂಬ ಅಗ್ಗಕ್ಕೆ ಬರುತ್ತವೆ. ಅವುಗಳಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಬಾಲದ ಫೋಟೋ ಕೇಳುವ ನಿಯಮ ಅಲ್ಲಿ ಇನ್ನೂ ಮುಖ್ಯ.

ಸಮುದ್ರದ ಹತ್ತಿರ ಇರುವವರಿಗೆ ನಾನು ಇಯಾಯ್ತೊ ಕಡೆಗೇ ವಾಲುತ್ತೇನೆ. ಕಾರಣ ತುಕ್ಕು. ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ. ಉಳಿದ ತಿಂಗಳೂ ಗಾಳಿಯಲ್ಲಿ ಉಪ್ಪು. ಕಾರ್ಬನ್ ಉಕ್ಕಿನ ಮೇಲೆ ಬೆರಳಿಟ್ಟು ಒರೆಸದೆ ಮಲಗಿದರೆ ಬೆಳಿಗ್ಗೆ ಬೆರಳಚ್ಚು ಕಂದು ಬಣ್ಣದಲ್ಲಿ ಕಾಣುತ್ತದೆ. ಸ್ಟೇನ್‌ಲೆಸ್ ಕೂಡ ಪೂರ್ತಿ ಪಾರಾಗುವುದಿಲ್ಲ, ಉಪ್ಪು ಅದರಲ್ಲಿ ಸೂಜಿಮೊನೆಯಂಥ ಗುಳಿ ಕೊರೆಯುತ್ತದೆ. ಮಿಶ್ರಲೋಹದ ಬ್ಲೇಡಿಗೆ ಆ ಕೆಂಪು ತುಕ್ಕಿನ ಕಾಟ ಇಲ್ಲ. ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು. ಒಂದು ಎಚ್ಚರ: ಇಯಾಯ್ತೊದಿಂದ ಏನನ್ನೂ ಹೊಡೆಯಬಾರದು. ಬಾಳೆದಿಂಡನ್ನೂ ಹೊಡೆಯಬಾರದು. ಅದು ಗಾಳಿ ಬೀಸಲು ಮಾತ್ರ. ಮತ್ತೆ, ಧಾರ ಇಲ್ಲದಿದ್ದರೂ ಮೊನೆ ಚೂಪಾಗಿಯೇ ಇರುತ್ತದೆ, ಚುಚ್ಚುತ್ತದೆ.

ಉಕ್ಕಿನದ್ದೇ ಬೇಕು ಎನ್ನುವವರು ಎಣ್ಣೆಯ ಶಿಸ್ತು ಇಟ್ಟುಕೊಳ್ಳಬೇಕು. ಜಪಾನಿನಲ್ಲಿ ಲವಂಗದ ವಾಸನೆಯ ಚೋಜಿ ಎಣ್ಣೆ ಬಳಸುತ್ತಾರೆ. ಇಲ್ಲಿ ಹೊಲಿಗೆ ಯಂತ್ರದ ತೆಳು ಎಣ್ಣೆ ಆಗುತ್ತದೆ. ತೆಂಗಿನೆಣ್ಣೆ ಬೇಡ, ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಹಳೆ ಎಣ್ಣೆ ಪೂರ್ತಿ ಒರೆಸಿ, ಹೊಸದನ್ನು ತೀರಾ ತೆಳುವಾಗಿ ಹಚ್ಚಿ. ಎಣ್ಣೆ ಸುರಿಯುವಷ್ಟು ಇದ್ದರೆ ಒರೆಯ ಮರ ಅದನ್ನು ಕುಡಿದು ಕೊಳೆ ಕಟ್ಟುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಹೊರತೆಗೆದು ನೋಡಿ. ಆಗ ಒರೆಯ ಮರ ಉಬ್ಬಿ ಕತ್ತಿ ಬಿಗಿಯಾಗಿರುತ್ತದೆ. ಜೋರಾಗಿ ಎಳೆದರೆ ಒಮ್ಮೆಲೇ ಬಿಟ್ಟು ಕೈ ಕೊಯ್ಯುವ ಸಂಭವ ಇದೆ. ಎಡಗೈ ಹೆಬ್ಬೆರಳಿಂದ ತ್ಸುಬಾವನ್ನು, ಅಂದರೆ ಹಿಡಿಯ ಮುಂದಿನ ಬಿಲ್ಲೆಯನ್ನು, ಮೆಲ್ಲಗೆ ಮುಂದೆ ತಳ್ಳಿ ಸಡಿಲಿಸಿ, ಆಮೇಲೆ ಎಳೆಯಿರಿ.

ಗೋಡೆಯ ವಿಷಯ ಬೇಗ ಮುಗಿಯುತ್ತದೆ. ಪಡುವಣ ಗೋಡೆಗೆ ನೇತುಹಾಕಬೇಡಿ, ಮಳೆ ಬಡಿದು ಅದು ತಿಂಗಳುಗಟ್ಟಲೆ ಹಸಿ ಇರುತ್ತದೆ. ಒಳಗೋಡೆ ಆರಿಸಿ. ಕಟಾನಾ ಇಡುವಾಗ ಧಾರದ ಕಡೆ ಮೇಲಕ್ಕೆ ಇರಲಿ, ಆಗ ಅದು ಒರೆಯೊಳಗೆ ಮರದ ಮೇಲೆ ಕೂರುವುದಿಲ್ಲ. ಮಕ್ಕಳ ಕೈಗೆ ಎಟುಕಬಾರದು. ಹಿಡಿಗೆ ಸುತ್ತಿದ ದಾರದ ಸಂದಿನಲ್ಲಿ ಬಿಳಿ ಹರಳು ಹರಳಾದ ಚರ್ಮ ಕಾಣುತ್ತದೆ, ಗಮನಿಸಿದ್ದೀರಾ? ಅಸಲಿಯಾದರೆ ಅದು ತೊರಕೆ ಜಾತಿಯ ಮೀನಿನ ಚರ್ಮ. ನಮ್ಮ ಮೀನು ಮಾರ್ಕೆಟ್ಟಿನಲ್ಲಿ ಬಂದು ಬೀಳುವ ಮೀನಿನ ನಂಟರು! ಅದರ ಒರಟಿಗೆ ದಾರ ಜಾರುವುದಿಲ್ಲ. ಹರಳುಗಳು ಸಣ್ಣವು ದೊಡ್ಡವು ಬೆರೆತಿದ್ದರೆ ಚರ್ಮ, ಎಲ್ಲವೂ ಒಂದೇ ಅಚ್ಚಿನಂತಿದ್ದರೆ ಪ್ಲಾಸ್ಟಿಕ್ಕು. ಗೋಡೆಗೆ ಪ್ಲಾಸ್ಟಿಕ್ ಸಾಕು, ಬೂಷ್ಟೂ ಬರುವುದಿಲ್ಲ.

ಕಾನೂನಿನ ಮಾತನ್ನು ಹಗುರ ಮಾಡಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕಿಗೆ ಮಾತ್ರ ಎಂದು ತುಂಬ ಜನ ತಿಳಿದಿದ್ದಾರೆ. 2016ರ ನಿಯಮಗಳ ಪಟ್ಟಿಯಲ್ಲಿ ಖಡ್ಗವೂ ಇದೆ, ಮನೆಗೆಲಸಕ್ಕೂ ಕೃಷಿಗೂ ಅಲ್ಲದ ಒಂಬತ್ತು ಇಂಚಿಗಿಂತ ಉದ್ದದ ಚೂರಿಯೂ ಇದೆ. ಹೊರದೇಶದಿಂದ ಆಯುಧ ತರಿಸಲು ಪರವಾನಗಿ ಬೇಕು. ನಮ್ಮ ಆಚಾರಿ ಕಮಾನು ಪಟ್ಟಿಯಲ್ಲಿ ಎಷ್ಟು ಚೆಂದದ ತೋಟದ ಕತ್ತಿ ಮಾಡುತ್ತಾರೆ, ಕಟಾನಾ ಮಾಡಿಕೊಡಲಿ ಎಂದು ಅವರನ್ನು ಒತ್ತಾಯಿಸಬೇಡಿ. ಆಯುಧ ತಯಾರಿಕೆಗೂ ಪರವಾನಗಿ ಬೇಕು, ಸಿಕ್ಕಿಬೀಳುವುದು ಅವರು. ಚುನಾವಣೆ ಬಂದಾಗ ತೋಟದವರ ಕೋವಿ ಠಾಣೆಗೆ ಹೋಗುವುದನ್ನು ನೋಡಿ ಬೆಳೆದವರು ನಾವು. ಠಾಣೆಗೆ ಹೋಗಿ ಮೊದಲೇ ಕೇಳುವುದರಲ್ಲಿ ಸಂಕೋಚ ಬೇಡ. ಧಾರದ ಕತ್ತಿ ಹೊಸಬರಿಗೆ ಬೇಡವೇ ಬೇಡ. ಇಯಾಯ್ತೊ ತರಿಸುವಾಗಲೂ ಧಾರವಿಲ್ಲದ, ಧಾರ ಹಿಡಿಸಲಾಗದ ಮಿಶ್ರಲೋಹ ಎಂದು ರಸೀದಿಯಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಿ. ಬಸ್ಸಿನಲ್ಲಿ ಒಯ್ಯುವಾಗ ಚೀಲದಲ್ಲಿ ಕಟ್ಟಿ, ರಸೀದಿ ಜೊತೆಗಿರಲಿ.

ಅಳತೆ ಹೇಳಿಬಿಡುತ್ತೇನೆ. ಜಪಾನಿ ಕತ್ತಿಯ ಬ್ಲೇಡನ್ನು ಶಾಕು ಲೆಕ್ಕದಲ್ಲಿ ಅಳೆಯುತ್ತಾರೆ, ಒಂದು ಶಾಕು 30.3 ಸೆಂಟಿಮೀಟರ್. ಎರಡು ಶಾಕು ದಾಟಿದರೆ ಕಟಾನಾ. 165 ಸೆಂಟಿಮೀಟರ್ ಎತ್ತರದವರಿಗೆ 2.4 ಶಾಕು, 170ಕ್ಕೆ 2.45, 175ಕ್ಕೆ 2.5 ಸುಮಾರಾಗಿ ಹೊಂದುತ್ತದೆ. ನೇರ ನಿಂತು ಬಲಗೈ ಸಡಿಲವಾಗಿ ಇಳಿಬಿಟ್ಟು ಕತ್ತಿ ಹಿಡಿದರೆ ತುದಿ ನೆಲಕ್ಕೆ ತಾಗಬಾರದು, ತುಸು ಮೇಲೆ ನಿಲ್ಲಬೇಕು. ಬ್ಲೇಡಿನಲ್ಲಿ ಹಿ ಎಂಬ ಉದ್ದನೆಯ ತೋಡು ಇರುವುದನ್ನೇ ಆರಿಸಿ. ತೂಕ ಕಡಿಮೆಯಾಗುತ್ತದೆ, ಮೇಲಾಗಿ ಧಾರದ ಕೋನ ಸರಿಯಿದ್ದಾಗ ಶುಯ್ ಎಂದು ಸದ್ದು ಬರುತ್ತದೆ. ಗುರು ಪಕ್ಕದಲ್ಲಿಲ್ಲದ ದಿನ ಆ ಸದ್ದೇ ತಪ್ಪು ಒಪ್ಪು ಹೇಳುತ್ತದೆ. ಕಲಿಸುವವರು ಯಾರಾದರೂ ಸಿಕ್ಕಿದ್ದರೆ ಕೊಳ್ಳುವ ಮೊದಲು ಅವರನ್ನು ಕೇಳಿ. ಕೆಲವು ಪಂಥದವರಿಗೆ ಹಿಡಿಯ ಉದ್ದ ಬೇರೆ ಇರುತ್ತದೆ.

ಕತ್ತಿ ಬಂದ ದಿನ ಮೆಕುಗಿ ತೆಗೆದು ನೋಡಿ. ಮೆತ್ತಗಿದ್ದರೆ, ಸಡಿಲವಿದ್ದರೆ, ಬಲಿತು ಒಣಗಿದ ಬಿದಿರಿನಲ್ಲಿ ಹೊಸದು ಕೆತ್ತಿಕೊಳ್ಳಿ. ಒಂದು ತುದಿ ತುಸು ಸಪೂರ ಇರಲಿ, ತಟ್ಟಿದಾಗ ಬಿಗಿಯಾಗಿ ಕೂರಬೇಕು. ಬಿದಿರಿನ ನಾರು ಪೆಟ್ಟಿಗೆ ನಜ್ಜಾಗುತ್ತದೆಯೇ ಹೊರತು ಒಮ್ಮೆಲೇ ತುಂಡಾಗುವುದಿಲ್ಲ, ಅದಕ್ಕೇ ಕಬ್ಬಿಣದ ಮೊಳೆ ಬಿಟ್ಟು ಬಿದಿರು ಬಳಸುತ್ತಾರೆ. ಪ್ರತಿ ಅಭ್ಯಾಸಕ್ಕೂ ಮೊದಲು ಹೆಬ್ಬೆರಳಿಂದ ಒಮ್ಮೆ ಒತ್ತಿ ನೋಡಿ.

ಅಳಿಯ ಈಗ ಪಾಲಿಪ್ರೊಪಿಲೀನ್ ಬೊಕ್ಕೆನ್ ತರಿಸಿದ್ದಾನೆ. ವಿಡಿಯೋ ಕಳಿಸುತ್ತಾನೆ, ಬಲಗೈ ಇನ್ನೂ ಜಾಸ್ತಿ ಅದುಮುತ್ತಿದೆ. ಅಡಿಕೆ ಮಾರಿದ ಮೇಲೆ ಇಯಾಯ್ತೊ ತರಿಸೋಣ ಎಂದು ಭಾವ ಒಪ್ಪಿದ್ದಾರೆ. ಅವನ ಎತ್ತರಕ್ಕೆ 2.45 ಶಾಕು, ಹಿ ಇರುವಂಥದ್ದು. ಗೋಡೆಗೆ ಬೇಕಿದ್ದ ಕೆಂಪು ದಾರದ ಹಿಡಿಯ ಕತ್ತಿಯ ಆಸೆ ಅವನಿಗೆ ಸದ್ಯಕ್ಕೆ ಇಳಿದಿದೆ.